ನಾರು, ಅಂಗಾರ ಮತ್ತು ಶ್ರಾವಕನ ವಿವೇಕ

ಗೃಹಸ್ಥನ ಬದುಕು ಆರಂಭರಹಿತವಾಗಿ ಸಾಗುವುದಿಲ್ಲವೆಂಬುದನ್ನು ಆಚಾರ್ಯರು ಎಂದೂ ಮರೆಮಾಚಲಿಲ್ಲ. ಒಲೆ ಹೊತ್ತಿಸುವುದು, ನೀರು ಸೇದುವುದು, ಧಾನ್ಯ ಬೀಸುವುದು, ನೆಲ ಉಳುವುದು, ಇವೆಲ್ಲವುಗಳಲ್ಲಿಯೂ ಜೀವಬಾಧೆ ಇದೆ. ಆದುದರಿಂದಲೇ ಮುನಿಗಳಿಗೆ ಮಹಾವ್ರತವನ್ನೂ ಗೃಹಸ್ಥರಿಗೆ ಅಣುವ್ರತವನ್ನೂ ವಿಧಿಸಲಾಯಿತು. ಅಣುವ್ರತವೆಂಬುದು ಸಡಿಲವಾದ ವ್ರತವೆಂದು ಕೆಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಹೆಚ್ಚು ಎಚ್ಚರವನ್ನು ಬೇಡುವ ವ್ರತ. ಸರ್ವಸ್ವವನ್ನೂ ತ್ಯಜಿಸಿದವನಿಗೆ ಯಾವುದನ್ನು ಇಟ್ಟುಕೊಳ್ಳಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಇಟ್ಟುಕೊಂಡವನಿಗಾದರೋ ಪ್ರತಿಯೊಂದು ವಸ್ತುವಿನ ಮುಂದೆಯೂ ನಿಂತು ವಿಚಾರಿಸುವ ಹೊಣೆ ಇದೆ.

ಇಂದು ಶ್ರಾವಕನ ಮುಂದೆ ಬಂದಿರುವ ಹೊಸ ವಸ್ತುಗಳಲ್ಲಿ ವಿದ್ಯುತ್ತನ್ನು ಕೂಡಿಡುವ ಸಾಧನಗಳು ಮುಖ್ಯವಾದವು. ಬಸದಿಯ ಮಾಳಿಗೆಯ ಮೇಲೆ ಸೌರಫಲಕಗಳು ಬಂದಿವೆ. ಅಂಗಡಿಯಲ್ಲಿಯೂ ಮನೆಯಲ್ಲಿಯೂ ಇನ್ವರ್ಟರ್ ಇದೆ. ಕೈಯಲ್ಲಿ ಮೊಬೈಲ್ ಇದೆ. ಇವೆಲ್ಲಕ್ಕೂ ಬ್ಯಾಟರಿ ಬೇಕು. ಸೀಸ ಮತ್ತು ಆಮ್ಲ, ಲಿಥಿಯಂ ಮತ್ತು ಕೋಬಾಲ್ಟುಗಳ ಬದಲಿಗೆ ಗಿಡದ ನಾರಿನಿಂದಲೂ ಗ್ರಾಫೀನ್ ಎಂಬ ಇಂಗಾಲದ ಪದರದಿಂದಲೂ ಬಟ್ಟೆಯಂತೆ ಬಾಗುವ, ಮಡಿಸಬಹುದಾದ ವಿದ್ಯುತ್ಕೋಶಗಳನ್ನು ಮಾಡಬಹುದೆಂದು ವಿಜ್ಞಾನಿಗಳು ತೋರಿಸಿದ್ದಾರೆ. ಇದನ್ನು ಕೇಳಿದೊಡನೆ ಸಹೃದಯ ಜೈನನ ಮನಸ್ಸಿನಲ್ಲಿ ಒಂದು ಸಮಾಧಾನ ಮೂಡುತ್ತದೆ: ಗಣಿಯೂ ಇಲ್ಲ, ವಿಷಲೋಹವೂ ಇಲ್ಲ, ಬರಿಯ ನಾರು, ಇದು ಅಹಿಂಸೆಗೆ ಒಪ್ಪುವ ವಸ್ತು. ಈ ಸಮಾಧಾನವು ಎಷ್ಟರಮಟ್ಟಿಗೆ ಯುಕ್ತ, ಎಷ್ಟರಮಟ್ಟಿಗೆ ಪ್ರಮಾದ ಎಂಬುದು ವಿಚಾರಣೀಯ.

ವಸ್ತುಸ್ವರೂಪ

ವಿಚಾರಕ್ಕೆ ಮೊದಲು ವಸ್ತುಸ್ವರೂಪವನ್ನು ತಿಳಿಯಬೇಕು. ಸೀಸದ ಕಡ್ಡಿಯಲ್ಲಿರುವ ಗ್ರಾಫೈಟ್ ಎಂಬುದು ಇಂಗಾಲದ ಅಸಂಖ್ಯ ಪದರಗಳ ರಾಶಿ. ಆ ರಾಶಿಯಿಂದ ಒಂದೇ ಪರಮಾಣುವಿನಷ್ಟು ದಪ್ಪದ ಒಂದು ಪದರವನ್ನು ಬೇರ್ಪಡಿಸಿದರೆ ಅದೇ ಗ್ರಾಫೀನ್. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಎಂಬ ವಿಜ್ಞಾನಿಗಳು ಸಾಮಾನ್ಯ ಅಂಟುಪಟ್ಟಿಯಿಂದ ಗ್ರಾಫೈಟನ್ನು ಸುಲಿಸುಲಿದು ಇದನ್ನು ಪ್ರತ್ಯೇಕಿಸಿದರು. 2010ರಲ್ಲಿ ಇದಕ್ಕಾಗಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಒಂದು ಗ್ರಾಂ ಗ್ರಾಫೀನನ್ನು ಪೂರ್ಣವಾಗಿ ಬಿಡಿಸಿ ಹಾಸಿದರೆ ಅದರ ಮೈ ಲೆಕ್ಕದ ಪ್ರಕಾರ 2630 ಚದರ ಮೀಟರಿನಷ್ಟಾಗುತ್ತದೆ. ಅರ್ಧ ಎಕರೆಗೂ ಮಿಗಿಲು.

ಈ ವಿಶಾಲವಾದ ಮೈಯೇ ವಿದ್ಯುತ್ ಸಂಗ್ರಹಕ್ಕೆ ಆಧಾರ. ಸೂಪರ್ ಕೆಪಾಸಿಟರ್ ಎಂಬ ಸಾಧನದಲ್ಲಿ ಎರಡು ವಿದ್ಯುದ್ವಾರಗಳು, ಅಂದರೆ ಎಲೆಕ್ಟ್ರೋಡುಗಳು, ಇರುತ್ತವೆ. ನಡುವೆ ಲವಣ ಅಥವಾ ಆಮ್ಲದ ದ್ರವ ಇರುತ್ತದೆ. ವಿದ್ಯುತ್ತನ್ನು ಹರಿಸಿದಾಗ ದ್ರವದಲ್ಲಿರುವ ಧನ, ಋಣ ಅಯಾನುಗಳು ವಿದ್ಯುದ್ವಾರದ ಮೈಗೆ ಬಂದು ಸಾಲಾಗಿ ನಿಲ್ಲುತ್ತವೆ. ಬೇಕಾದಾಗ ಹಿಂದಿರುಗುತ್ತವೆ. ಬ್ಯಾಟರಿಯೊಳಗೆ ನಡೆಯುವಂತಹ ರಾಸಾಯನಿಕ ಬದಲಾವಣೆ ಇಲ್ಲಿ ಬಹುಮಟ್ಟಿಗೆ ಇಲ್ಲ. ಆದ್ದರಿಂದ ಇದು ಕ್ಷಣಗಳಲ್ಲಿ ತುಂಬುತ್ತದೆ, ಕ್ಷಣಗಳಲ್ಲಿ ಬರಿದಾಗುತ್ತದೆ. ಸಾವಿರಾರು ಬಾರಿ ತುಂಬಿ ತೆಗೆದರೂ ಸವೆಯುವುದು ಅಲ್ಪ. ದೋಷವೆಂದರೆ, ತೂಕಕ್ಕೆ ಹೋಲಿಸಿದರೆ ಇದರಲ್ಲಿ ಹಿಡಿಯುವ ಶಕ್ತಿ ಕಡಿಮೆ.

ಕನ್ನಡನಾಡಿಗೆ ಈ ವಿಷಯ ಹೊರಗಿನದಲ್ಲ. 2008ರಲ್ಲಿಯೇ ಬೆಂಗಳೂರಿನಲ್ಲಿ ಪ್ರೊ. ಸಿ. ಎನ್. ಆರ್. ರಾವ್ ಅವರೂ ಸಹೋದ್ಯೋಗಿಗಳೂ ಗ್ರಾಫೀನಿನಿಂದ ಸೂಪರ್ ಕೆಪಾಸಿಟರ್ ರಚಿಸಿ, ಗಂಧಕಾಮ್ಲದ ದ್ರಾವಣದಲ್ಲಿ ಪ್ರತಿ ಗ್ರಾಮಿಗೆ 117 ಫ್ಯಾರಡ್‌ವರೆಗಿನ ಧಾರಣಶಕ್ತಿಯನ್ನು ಪಡೆದುದನ್ನು ಪ್ರಕಟಿಸಿದರು. ನಾರಿನ ಕಡೆಯಿಂದಲೂ ಪ್ರಯತ್ನಗಳು ನಡೆದವು. 2010ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹತ್ತಿಬಟ್ಟೆಯನ್ನು ಇಂಗಾಲದ ಸೂಕ್ಷ್ಮನಳಿಕೆಗಳ ಶಾಯಿಯಲ್ಲಿ ಅದ್ದಿ ವಿದ್ಯುದ್ವಾರವನ್ನಾಗಿ ಮಾಡಲಾಯಿತು. 2012ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹತ್ತಿಯ ಟೀ ಶರ್ಟನ್ನು ಗಾಳಿಯಿಲ್ಲದ ಕುಲುಮೆಯಲ್ಲಿ ಕರಿದಾಗಿಸಿದಾಗ ಅದು ಬಟ್ಟೆಯಂತೆಯೇ ಬಾಗುವ ಇಂಗಾಲವಾಯಿತು. 2013ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಹೆಂಪ್ ಎಂಬ ಸಸ್ಯದ ತೊಗಟೆನಾರಿನಿಂದ ಗ್ರಾಫೀನಿಗೆ ಸಮೀಪದ ಇಂಗಾಲಪದರಗಳನ್ನು ಪಡೆಯಲಾಯಿತು.

ಇವುಗಳಲ್ಲಿ ಎರಡು ಮಾರ್ಗಗಳಿವೆ. ಒಂದು, ನಾರನ್ನು ನಾರಾಗಿಯೇ ಉಳಿಸಿ ಅದರ ಮೇಲೆ ಗ್ರಾಫೀನನ್ನು ಲೇಪಿಸುವುದು. ಬರಿಯ ಗ್ರಾಫೀನ್ ಪದರಗಳು ಒಂದರ ಮೇಲೊಂದು ಕುಳಿತು ಮತ್ತೆ ಗ್ರಾಫೈಟಿನಂತಾಗಿಬಿಡುತ್ತವೆ. ಬರಿಯ ನಾರಿನಲ್ಲಿ ವಿದ್ಯುತ್ ಹರಿಯುವುದೇ ಇಲ್ಲ. ನಾರು ಪದರಗಳನ್ನು ಬಿಡಿಬಿಡಿಯಾಗಿ ಹಿಡಿದು ನಿಲ್ಲಿಸುತ್ತದೆ, ದ್ರವವನ್ನು ಹೀರಿ ಒಳಗೊಯ್ಯುತ್ತದೆ, ಬಾಗುವ ಗುಣವನ್ನು ಕೊಡುತ್ತದೆ; ಗ್ರಾಫೀನ್ ವಿದ್ಯುತ್ತಿಗೆ ದಾರಿಯಾಗುತ್ತದೆ. ಎರಡನೆಯದು, ನಾರನ್ನೇ ಸುಟ್ಟು ಇಂಗಾಲವಾಗಿಸುವುದು. ಈ ಎರಡು ಮಾರ್ಗಗಳ ಭೇದವು ಮುಂದಿನ ಧರ್ಮವಿಚಾರಕ್ಕೆ ಅತ್ಯಗತ್ಯ.

ಮರದ ಕೆಳಗಿನ ಆರು ಮಂದಿ

ವಿಚಾರವನ್ನು ಆಕಾಶದಲ್ಲಿ ತೇಲಿಸದೆ ಒಂದು ಊರಿನ ನೆಲಕ್ಕೆ ತರುವುದು ಲೇಸು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣವನ್ನು ತೆಗೆದುಕೊಳ್ಳಬಹುದು. ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ರೈಲು ನಿಲ್ಲುವ ಊರು. ಸಿದ್ಧಲಿಂಗ ಮಹಾರಾಜರ ಮಠದಿಂದ ಸುತ್ತಲೂ ಹೆಸರಾದುದು. ತಾಲ್ಲೂಕಿನ ಉತ್ತರದಂಚಿನಲ್ಲಿ ಭೀಮಾ ನದಿ. ಆದರೂ ನೀರಿನ ಬರವು ಈ ಸೀಮೆಗೆ ಹಳೆಯ ನೆಂಟ. ಎರೆಭೂಮಿಯಲ್ಲಿ ಬಿಳಿಜೋಳ, ಹತ್ತಿ, ತೊಗರಿ. ನೀರಿದ್ದಲ್ಲಿ ಕಬ್ಬು, ಬಾಳೆ. ಮತ್ತು ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಂಡಿಯ ಲಿಂಬೆ. ಇಂತಹ ಸೀಮೆಯಲ್ಲಿ ನಾರಿಗೆ ಕೊರತೆಯಿಲ್ಲ. ವಿದ್ಯುತ್ಕೋಶದ ಉದ್ಯಮವೊಂದು ನಾಳೆ ನಾರನ್ನು ಅರಸಿ ಬಂದರೆ ಯಾವ ನಾರನ್ನು ಕೊಡಬಹುದು?

ಲೇಶ್ಯೆಗಳನ್ನು ತಿಳಿಸಲು ಹಿರಿಯರು ಹೇಳುತ್ತ ಬಂದ ನೇರಳೆಮರದ ದೃಷ್ಟಾಂತವು ಎಲ್ಲ ಜೈನ ಮನೆಗಳಿಗೂ ಪರಿಚಿತ. ಶ್ರವಣಬೆಳಗೊಳದ ಜೈನ ಮಠದ ಭಿತ್ತಿಚಿತ್ರಗಳಲ್ಲಿಯೂ ಅದನ್ನು ಕಾಣಬಹುದು. ಹಸಿದ ಆರು ಮಂದಿ ಹಣ್ಣಿನ ಮರವನ್ನು ಕಂಡರು. ಕೃಷ್ಣಲೇಶ್ಯೆಯವನು ಬುಡವನ್ನೇ ಕಡಿಯಬಯಸಿದ. ನೀಲಲೇಶ್ಯೆಯವನು ಹಿರಿಯ ಕೊಂಬೆಯನ್ನು, ಕಾಪೋತಲೇಶ್ಯೆಯವನು ಕಿರಿಯ ಕೊಂಬೆಯನ್ನು, ಪೀತಲೇಶ್ಯೆಯವನು ಗೊಂಚಲನ್ನು, ಪದ್ಮಲೇಶ್ಯೆಯವನು ಮಾಗಿದ ಹಣ್ಣನ್ನು ಮಾತ್ರ ಬಯಸಿದರು. ಶುಕ್ಲಲೇಶ್ಯೆಯವನು ನೆಲಕ್ಕೆ ಬಿದ್ದ ಹಣ್ಣುಗಳನ್ನು ಆಯ್ದುಕೊಂಡ. ಆರು ಮಂದಿಗೂ ಇದ್ದುದು ಒಂದೇ ಹಸಿವು, ಕಂಡುದು ಒಂದೇ ಮರ. ಭೇದವಿದ್ದುದು, ಹಸಿವು ಹಿಂಗಲು ಎಷ್ಟು ಸಾಕು ಎಂಬ ಅರಿವಿನಲ್ಲಿ.

ಈ ದೃಷ್ಟಾಂತವನ್ನು ನಾರಿಗೆ ಹೊಂದಿಸಿ ನೋಡಿದರೆ ಸೂಕ್ಷ್ಮಗಳು ತಾವಾಗಿ ತೋರುತ್ತವೆ. ನಾರಿಗಾಗಿಯೇ ಹೊಲವನ್ನು ಉತ್ತು, ಔಷಧ ಸಿಂಪಡಿಸಿ, ಬೆಳೆದು ಕಡಿಯುವುದು ಒಂದು ಬಗೆ. ಪುಂಡಿ, ಸೆಣಬುಗಳ ನಾರನ್ನು ತೆಗೆಯಲು ಕಟ್ಟುಗಳನ್ನು ದಿನಗಟ್ಟಲೆ ನೀರಿನಲ್ಲಿ ಕೊಳೆಹಾಕಬೇಕು. ಆ ನೀರಿನ ಪ್ರಾಣವಾಯು ತಗ್ಗಿ, ಮೀನು ಮೊದಲಾದ ಜಲಚರಗಳು ಸಾಯುತ್ತವೆ. ದನಗಳಿಗೂ ಆ ನೀರು ಬೇಡವಾಗುತ್ತದೆ. ನಾರು ಏಕೇಂದ್ರಿಯ ಸಸ್ಯದ್ದೆಂದು ಸಮಾಧಾನಪಟ್ಟುಕೊಂಡವನು ಕೊಳದಲ್ಲಿ ಸತ್ತ ತ್ರಸಜೀವಗಳನ್ನು ಎಣಿಸದೆ ಬಿಟ್ಟನೆಂದು ಹೇಳಬೇಕಾಗುತ್ತದೆ.

ಬಾಳೆ ಒಮ್ಮೆ ಮಾತ್ರ ಗೊನೆ ಬಿಡುವ ಗಿಡ. ಗೊನೆ ಕೊಯ್ದ ಮೇಲೆ ದಿಂಡನ್ನು ರೈತನು ಹೇಗೂ ಕಡಿಯುತ್ತಾನೆ. ಬುಡದ ಮರಿ ಮುಂದಿನ ಬೆಳೆಯಾಗುತ್ತದೆ. ಕಡಿದ ದಿಂಡಿನ ನಾರನ್ನು ಹೆರೆದು ತೆಗೆಯುವುದು ಬಿದ್ದ ಹಣ್ಣನ್ನು ಆಯ್ದಂತೆಯೇ. ಕಬ್ಬಿನ ರವದಿಯನ್ನು ಹಲವೆಡೆ ಹೊಲದಲ್ಲಿಯೇ ಸುಡುತ್ತಾರೆ. ಆ ಬೆಂಕಿಯಲ್ಲಿ ಹುಳುಹುಪ್ಪಟೆಗಳು, ಹಾವು ಓತಿಗಳು, ನೆಲಹಕ್ಕಿಯ ಮರಿಗಳು ಬೇಯುತ್ತವೆ. ಸುಡುವ ಬದಲು ಅದನ್ನು ನಾರಿಗಾಗಿ ಒಯ್ದರೆ ಒಂದು ಹಿಂಸೆ ತಪ್ಪುತ್ತದೆ. ಹತ್ತಿಯ ಕಟ್ಟಿಗೆಯೂ ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಕಿತ್ತುಹಾಕುವ ವಸ್ತು. ಆದರೆ ಅದು ಬಡವರ ಒಲೆಗೆ ಉರುವಲು ಎಂಬುದನ್ನು ಮರೆಯಬಾರದು. ಕಾರ್ಖಾನೆಯು ಬೆಲೆ ಕೊಟ್ಟು ಎಲ್ಲವನ್ನೂ ಒಯ್ದರೆ, ಹೊಲವಿಲ್ಲದವಳ ಒಲೆ ಯಾವ ಮರವನ್ನು ಬೇಡೀತು?

ಎಲ್ಲಕ್ಕಿಂತ ಸೂಕ್ಷ್ಮವಾದುದು ಜೋಳದ ಕಣಿಕೆಯ ವಿಷಯ. ನಗರದವರ ಕಣ್ಣಿಗೆ ಅದು ಕೃಷಿಯ ಕಸ. ಲಚ್ಯಾಣದ ರೈತನಿಗೆ ಅದು ಎತ್ತು ಎಮ್ಮೆಗಳ ಅನ್ನ. ಬರಗಾಲದಲ್ಲಿ ಕಾಳಿಗಿಂತಲೂ ಕಣಿಕೆಗೆ ಹೆಚ್ಚು ಕಾತರಿಸಿದ ವರ್ಷಗಳು ಈ ಸೀಮೆಯಲ್ಲಿ ಇಲ್ಲದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ, ವಧ, ಛೇದ, ಅತಿಭಾರಾರೋಪಣಗಳ ಜೊತೆಗೆ ಅನ್ನಪಾನನಿರೋಧವೂ ಒಂದು. ತನ್ನ ವಶದಲ್ಲಿರುವ ಪ್ರಾಣಿಗೆ ಮೇವು ನೀರನ್ನು ತಪ್ಪಿಸುವುದು ಹೊಡೆದಷ್ಟೇ ದೋಷವೆಂದು ಶಾಸ್ತ್ರಕಾರರು ಗಣಿಸಿದರು. ದನದ ಮೇವಿನಿಂದ ಮಾಡಿದ ವಿದ್ಯುತ್ಕೋಶವು ಎಷ್ಟೇ ಹಸಿರಾಗಿ ತೋರಿದರೂ ಈ ಅತಿಚಾರದ ನೆರಳು ಅದರ ಮೇಲಿದೆ. ಕಸ ಯಾವುದು, ಅನ್ನ ಯಾವುದು ಎಂಬುದನ್ನು ತಿಳಿದವನು ಮಾತ್ರ ಬಿದ್ದ ಹಣ್ಣನ್ನು ಗುರುತಿಸಬಲ್ಲ.

ಅಂಗಾರಕರ್ಮದ ಪ್ರಶ್ನೆ

ನಾರನ್ನು ಆಯ್ದುದಾಯಿತು. ಮುಂದೆ ಕುಲುಮೆ ಬರುತ್ತದೆ. ಇಲ್ಲಿ ಶ್ರಾವಕಾಚಾರದ ಒಂದು ಸ್ಪಷ್ಟವಾದ ನಿಷೇಧವು ಅಡ್ಡವಾಗಿ ನಿಲ್ಲುತ್ತದೆ. ಗೃಹಸ್ಥನು ಬಿಡಬೇಕಾದ ಹದಿನೈದು ಕ್ರೂರ ಜೀವಿಕೆಗಳನ್ನು ಪ್ರಾಚೀನರು ಹೆಸರಿಸಿದ್ದಾರೆ. ಶ್ವೇತಾಂಬರರ ಉಪಾಸಕದಶಾಂಗದಲ್ಲಿ ಅವು ಕರ್ಮಾದಾನಗಳೆಂದು ಬಂದಿವೆ; ದಿಗಂಬರ ಪರಂಪರೆಯಲ್ಲಿ 13ನೆಯ ಶತಮಾನದ ಪಂಡಿತ ಆಶಾಧರನ ಸಾಗಾರಧರ್ಮಾಮೃತದಲ್ಲಿಯೂ ಖರಕರ್ಮಗಳ ಪ್ರಸ್ತಾಪವಿದೆ. ಅವುಗಳಲ್ಲಿ ಮೊದಲನೆಯದೇ ಅಂಗಾರಕರ್ಮ, ಅಂದರೆ ಇದ್ದಲು ಸುಟ್ಟು ಬದುಕುವುದು. ನಾರನ್ನು ಏಳುನೂರು ಎಂಟುನೂರು ಡಿಗ್ರಿ ಶಾಖದಲ್ಲಿ ಕರಿದಾಗಿಸುವುದು ಹೆಸರಿನಲ್ಲಿಯೂ ಕ್ರಿಯೆಯಲ್ಲಿಯೂ ಇದ್ದಲು ಸುಡುವುದೇ ಆಗಿದೆ. ಪ್ರಯೋಗಶಾಲೆಯ ಗಾಜಿನ ನಳಿಕೆಯಲ್ಲಿ ನಡೆದ ಮಾತ್ರಕ್ಕೆ ಅದು ಬೇರೆ ಕರ್ಮವಾಗುವುದಿಲ್ಲ.

ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಬರುವುದು ಸಹಜ. ಒಂದು ಪಕ್ಷದವರ ವಾದ ಹೀಗೆ: ಪ್ರಾಚೀನರು ಇದ್ದಲಿನ ವೃತ್ತಿಯನ್ನು ನಿಷೇಧಿಸಿದುದಕ್ಕೆ ಕಾರಣವಿತ್ತು. ಇದ್ದಲಿಗಾಗಿ ಕಾಡು ಕಡಿಯಬೇಕಿತ್ತು. ಹಸಿಮರದೊಡನೆ ಗೂಡು, ಹುತ್ತ, ಪೊಟರೆಗಳಲ್ಲಿದ್ದ ಜೀವಗಳೆಲ್ಲವೂ ಬೇಯುತ್ತಿದ್ದವು. ಬೆಂಕಿ ಕೈಮೀರಿ ಹರಡುತ್ತಿತ್ತು. ಕಸದ ನಾರನ್ನು ಶೋಧಿಸಿ, ಒಣಗಿಸಿ, ಮುಚ್ಚಿದ ಕುಲುಮೆಯಲ್ಲಿ ಅಲ್ಪ ಪ್ರಮಾಣದಲ್ಲಿ ಸುಟ್ಟರೆ ಆ ಕಾರಣಗಳಲ್ಲಿ ಒಂದೂ ಉಳಿಯುವುದಿಲ್ಲ. ಕಾರಣವಿಲ್ಲದೆಡೆ ನಿಷೇಧವೂ ಇಲ್ಲ. ಇನ್ನೊಂದು ಪಕ್ಷದವರು ಹೇಳುವುದು: ವ್ರತದ ಕಾರಣವನ್ನು ತಾನೇ ಊಹಿಸಿ, ಆ ಕಾರಣ ಇಲ್ಲಿಲ್ಲವೆಂದು ತಾನೇ ತೀರ್ಪಿತ್ತುಕೊಳ್ಳುವವನು ಇಂದು ಒಂದು ವ್ರತವನ್ನು, ನಾಳೆ ಮತ್ತೊಂದನ್ನು ಕಳಚುತ್ತಾನೆ. ಲಾಭವಿರುವೆಡೆ ಮನಸ್ಸು ತನಗೆ ಬೇಕಾದ ಕಾರಣವನ್ನೇ ಹುಡುಕುತ್ತದೆ. ತೇಜಸ್ಕಾಯ, ವಾಯುಕಾಯ ಜೀವಗಳ ಬಾಧೆ ಮುಚ್ಚಿದ ಕುಲುಮೆಯಲ್ಲಿಯೂ ಇದ್ದೇ ಇದೆ.

ಈ ಎರಡು ಪಕ್ಷಗಳಲ್ಲಿ ಒಂದನ್ನು ಪೂರ್ಣವಾಗಿ ತಳ್ಳಿಹಾಕುವುದು ಅನೇಕಾಂತದೃಷ್ಟಿಗೆ ಸಲ್ಲದು. ಮೊದಲನೆಯದರಲ್ಲಿ ಸತ್ಯಾಂಶವಿದೆ: ಹಿಂಸೆಯ ಪ್ರಮಾಣ ತಗ್ಗಿದರೆ ತಗ್ಗಿತೆಂದೇ ಹೇಳಬೇಕು. ಎರಡನೆಯದರಲ್ಲಿಯೂ ಸತ್ಯಾಂಶವಿದೆ: ತಗ್ಗಿದುದು ಇಲ್ಲದಂತಾಯಿತೆಂದು ಹೇಳಬಾರದು. ಇವೆರಡನ್ನೂ ಕೂಡಿಸಿದಾಗ ಒಂದು ದಾರಿ ಕಾಣುತ್ತದೆ. ನಾರನ್ನು ಸುಡದೆ ಲೇಪಿಸುವ ಮಾರ್ಗವೊಂದು ಇರುವಾಗ, ಅದು ಕೆಲಸಕ್ಕೆ ಸಾಲುವೆಡೆಯಲ್ಲಿ ಸುಡುವ ಮಾರ್ಗವನ್ನು ಆಯುವುದು ಅನಾವಶ್ಯಕ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಸಸ್ಯ ಕಡಿಯುವುದು ಇವುಗಳನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಇಲ್ಲಿ ಪ್ರಯೋಜನವೆಂಬುದೇ ಅಳತೆಗೋಲು. ಹೆಚ್ಚು ಲಾಭವೆಂಬುದು ಪ್ರಯೋಜನವಲ್ಲ. ಬೇರೆ ದಾರಿಯಿಲ್ಲದ ಆವಶ್ಯಕತೆಯೇ ಪ್ರಯೋಜನ.

ಆಮ್ಲ, ನೀರು, ಲಿಂಬೆ

ಲೇಪನದ ಮಾರ್ಗವೂ ನಿರ್ದೋಷವಲ್ಲ. ಲೇಪಿಸಲು ಗ್ರಾಫೀನ್ ಬೇಕು. ಅದನ್ನು ಹೆಚ್ಚು ಪ್ರಮಾಣದಲ್ಲಿ ಪಡೆಯಲು ಬಹಳ ಕಡೆ ಅನುಸರಿಸುವ ವಿಧಾನವು 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ಪ್ರಕಟಿಸಿದುದು. ಗ್ರಾಫೈಟನ್ನು ತೀವ್ರ ಗಂಧಕಾಮ್ಲ, ಸೋಡಿಯಂ ನೈಟ್ರೇಟ್, ಪೊಟ್ಯಾಸಿಯಂ ಪರ್ಮಾಂಗನೇಟುಗಳಲ್ಲಿ ಕದಡಿ ಗ್ರಾಫೀನ್ ಆಕ್ಸೈಡ್ ಮಾಡುತ್ತಾರೆ. ನೈಟ್ರೇಟಿನಿಂದ ವಿಷಾನಿಲ ಏಳುತ್ತದೆ. ಅನಂತರ ಆಮ್ಲವು ಹೋಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ತೊಳೆದ ನೀರು ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಇಂಡಿಯಂತಹ ನೀರು ಕಡಿಮೆಯಿರುವ ಸೀಮೆಯಲ್ಲಿ ಸಣ್ಣದಲ್ಲ. ಹಳ್ಳಕ್ಕೆ ಬಿಟ್ಟ ಒಂದು ಹಂಡೆ ಆಮ್ಲಜಲವು ಅಪ್ಕಾಯ ಜೀವಗಳನ್ನೂ ಅವುಗಳನ್ನು ಆಶ್ರಯಿಸಿದ ತ್ರಸಜೀವಗಳನ್ನೂ ಒಟ್ಟಿಗೆ ಅಳಿಸುತ್ತದೆ.

ಗ್ರಾಫೀನ್ ಆಕ್ಸೈಡಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲವಾದುದರಿಂದ ಅದರ ಆಮ್ಲಜನಕವನ್ನು ಕಳೆಯಬೇಕು. ಇದಕ್ಕೆ ಮೊದಲು ಬಳಸುತ್ತಿದ್ದುದು ಹೈಡ್ರಜೀನ್. ಮನುಷ್ಯನಿಗೂ ಪ್ರಾಣಿಗಳಿಗೂ ಉಗ್ರವಿಷ. ಆದರೆ ಅದೇ ಕೆಲಸವನ್ನು ಆಸ್ಕಾರ್ಬಿಕ್ ಆಮ್ಲದಿಂದ, ಅಂದರೆ ಸಿ ಜೀವಸತ್ವದಿಂದ, ಮಾಡಬಹುದೆಂದು ಮುಂದೆ ತಿಳಿದುಬಂದಿತು. ಇಂಡಿಯ ಲಿಂಬೆಯ ರಸದಲ್ಲಿಯೂ ಇರುವ ವಸ್ತುವಿದು. ವಿಷದ ಕೆಲಸವನ್ನು ಆಹಾರದ ಅಂಶವೊಂದು ಮಾಡಬಲ್ಲುದೆಂಬ ಈ ಸಂಗತಿಯು ವಿಚಾರವಂತರಿಗೆ ಒಂದು ಪಾಠ. ಕಡಿಮೆ ಹಿಂಸೆಯ ದಾರಿ ಬಹಳ ಸಲ ಇದ್ದೇ ಇರುತ್ತದೆ. ಅದನ್ನು ಹುಡುಕುವಂತೆ ಕೇಳುವವರು ಇರಬೇಕಷ್ಟೆ. ಕೊಳ್ಳುವವನು ಕೇಳದಿದ್ದರೆ ಮಾರುವವನು ಏಕೆ ಹುಡುಕಿಯಾನು?

ಕೊಳ್ಳುವವನ ಪಾಲು

"ನಾವು ಮಾಡುವವರಲ್ಲ, ಕೊಳ್ಳುವವರು ಮಾತ್ರ" ಎಂಬ ಸಮಾಧಾನವನ್ನು ಜೈನಧರ್ಮವು ಒಪ್ಪುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುತ್ತದೆ. ತಾನೇ ಮಾಡಿದುದು, ಇತರರಿಂದ ಮಾಡಿಸಿದುದು, ಇತರರು ಮಾಡಿದುದನ್ನು ಮೆಚ್ಚಿಕೊಂಡುದು. ಬೆಲೆ ಕೊಟ್ಟು ಕೊಳ್ಳುವವನು ಮಾಡಿಸಿದವನೂ ಹೌದು, ಮೆಚ್ಚಿದವನೂ ಹೌದು.

ಈ ದೃಷ್ಟಿಯಿಂದ ಈಗ ಬಳಕೆಯಲ್ಲಿರುವ ಬ್ಯಾಟರಿಗಳನ್ನು ನೋಡಿದರೆ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ. ಹಳೆಯ ಸೀಸದ ಬ್ಯಾಟರಿಗಳನ್ನು ಮನೆಯ ಹಿತ್ತಲುಗಳಲ್ಲಿ ಒಡೆದು ಕರಗಿಸುವೆಡೆ ಸೀಸದ ಧೂಳು ಮಕ್ಕಳ ರಕ್ತವನ್ನು ಸೇರಿ ಬುದ್ಧಿಯನ್ನೇ ಕುಂದಿಸುತ್ತದೆ. ಲಿಥಿಯಂ ಬ್ಯಾಟರಿಗಳಲ್ಲಿ ಹಲವಕ್ಕೆ ಬೇಕಾದ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿಯ ಕೈಗಣಿಗಳಲ್ಲಿ ಮಕ್ಕಳೂ ದುಡಿದುದು ಜಗತ್ತಿಗೆ ತಿಳಿದಿದೆ. ನಾರಿನ ವಿದ್ಯುತ್ಕೋಶವನ್ನು ತೂಗುವಾಗ ಪರಿಪೂರ್ಣವಾದ ಅಹಿಂಸೆಯೊಂದಿಗೆ ಮಾತ್ರ ಹೋಲಿಸಿ ತಿರಸ್ಕರಿಸುವುದು ನ್ಯಾಯವಲ್ಲ. ಅದು ಯಾವುದರ ಸ್ಥಾನದಲ್ಲಿ ಬರುತ್ತದೆ ಎಂಬುದನ್ನೂ ನೋಡಬೇಕು. ಸೀಸದ ಸ್ಥಾನದಲ್ಲಿ ಬಂದರೆ ಅದು ಉಪಕಾರಿ. ಇದ್ದ ಸೀಸವೂ ಇದ್ದು ಅದರ ಜೊತೆಗೆ ಇನ್ನೊಂದಾಗಿ ಬಂದರೆ ಅದು ಹೊಸ ಆರಂಭ ಮಾತ್ರ.

ಸತ್ಯಾಣುವ್ರತದ ಪ್ರಶ್ನೆಯೂ ಇಲ್ಲಿದೆ. ಇಂತಹ ಸಾಧನವನ್ನು "ಅಹಿಂಸಾ ಬ್ಯಾಟರಿ" ಎಂದು ಹೆಸರಿಟ್ಟು ಜೈನ ಸಮಾಜದಲ್ಲಿ ಮಾರಲು ಹೊರಡುವ ವ್ಯಾಪಾರಿ ನಾಳೆ ಬಂದರೆ ಆಶ್ಚರ್ಯವಿಲ್ಲ. ವ್ಯಾಪಾರದಲ್ಲಿ ನಿಷ್ಠೆಗೆ ಹೆಸರಾದ ಸಮಾಜಕ್ಕೆ ಇದು ಪರೀಕ್ಷೆ. "ಸೀಸವಿಲ್ಲ, ಕೋಬಾಲ್ಟ್ ಇಲ್ಲ, ಬೆಳೆಯುಳಿಕೆಯ ನಾರಿನಿಂದ ಮಾಡಿದ್ದು" ಎಂದರೆ ಅದು ಸತ್ಯವಾಗಬಹುದು. "ಹಿಂಸೆಯಿಲ್ಲ" ಎಂದರೆ ಅಸತ್ಯ. ಅಹಿಂಸೆಯ ಹೆಸರಿನಲ್ಲಿ ಅಸತ್ಯವನ್ನು ಮಾರುವವನು ಒಂದು ವ್ರತದ ಹೆಸರಿನಲ್ಲಿ ಇನ್ನೊಂದನ್ನು ಮುರಿದಂತಾಯಿತು.

ಕೂಡಿಡುವುದು ಪರಿಗ್ರಹವೆ?

ಇನ್ನೂ ಆಳವಾದ ಪ್ರಶ್ನೆಯೆಂದರೆ ಸಂಗ್ರಹದ್ದು. ಶಕ್ತಿಯನ್ನು ಕೂಡಿಡುವುದೇ ಪರಿಗ್ರಹವಲ್ಲವೆ? ಉಮಾಸ್ವಾತಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ, ಕಂಡರು. ಹಗಲಿನ ಸೂರ್ಯಪ್ರಕಾಶವನ್ನು ಸಂಜೆಯ ಸ್ವಾಧ್ಯಾಯಕ್ಕೆಂದು ಉಳಿಸಿಕೊಳ್ಳುವುದು ಕಣಜದಲ್ಲಿ ಒಂದು ವರ್ಷದ ಜೋಳವನ್ನು ಇಟ್ಟುಕೊಂಡಂತೆ. ಅದರಲ್ಲಿ ಪರಿಮಾಣವಿದೆ. ಮಮತ್ವವು ಪರಿಮಾಣವನ್ನು ಮೀರಿದಾಗ ಪರಿಗ್ರಹ ತಲೆಯೆತ್ತುತ್ತದೆ.

ಪ್ರಮಾಣವನ್ನು ಅಂಕಿಯಲ್ಲಿಯೇ ನೋಡುವುದು ಒಳ್ಳೆಯದು. 5 ವಾಟ್‌ನ ದೀಪವೊಂದು 4 ಗಂಟೆ ಉರಿಯಲು 20 ವಾಟ್-ಗಂಟೆ ಶಕ್ತಿ ಬೇಕು. ಕಿಲೋಗ್ರಾಮಿಗೆ 150 ವಾಟ್-ಗಂಟೆ ಹಿಡಿಯುವ ಲಿಥಿಯಂ ಕೋಶವಾದರೆ ಸುಮಾರು 133 ಗ್ರಾಂ ಸಾಕು. ಕಿಲೋಗ್ರಾಮಿಗೆ 5 ವಾಟ್-ಗಂಟೆ ಹಿಡಿಯುವ ಸೂಪರ್ ಕೆಪಾಸಿಟರ್ ಆದರೆ 4 ಕಿಲೋಗ್ರಾಂ ಬೇಕಾಗುತ್ತದೆ. ಆದುದರಿಂದ ನಾರಿನ ಬಾಗುವ ವಿದ್ಯುತ್ಕೋಶವು ಸದ್ಯಕ್ಕೆ ಒಂದು ಬಸದಿಯ ರಾತ್ರಿಯನ್ನಾಗಲಿ ಒಂದು ಊರಿನ ಪಂಪುಸೆಟ್ಟುಗಳನ್ನಾಗಲಿ ಹೊರಲಾರದು. ರೋಗಿಯ ಮೈಗೆ ಕಟ್ಟುವ ನಾಡಿಮಾಪಕ, ಬಟ್ಟೆಗೆ ಹೊಂದಿಸುವ ಸಣ್ಣ ಸಾಧನ ಇಂತಹವುಗಳಿಗೆ ಅದು ತಕ್ಕುದು. ಇದರ ಮಿತಿಯನ್ನು ತಿಳಿಯದೆ ಬಸದಿಯ ದ್ರವ್ಯವನ್ನು ತೊಡಗಿಸುವ ಟ್ರಸ್ಟು ದೇವದ್ರವ್ಯದ ವಿಷಯದಲ್ಲಿ ಅಜಾಗರೂಕವಾದಂತೆಯೇ.

ಆದರೂ ಸಂಗ್ರಹದ ಪ್ರಶ್ನೆಯನ್ನು ಅಲ್ಲಗಳೆಯಲಾಗದು. ಬಸವನ ಬಾಗೇವಾಡಿಯ ಸೀಮೆಯಲ್ಲಿರುವ ಕೂಡಗಿಯ ಉಷ್ಣವಿದ್ಯುತ್ ಸ್ಥಾವರದ ಸಾಮರ್ಥ್ಯ 2400 ಮೆಗಾವಾಟ್. ಅಲ್ಲಿ ಉರಿಯುವುದು ಕಲ್ಲಿದ್ದಲು. ಅಂಗಾರಕರ್ಮವನ್ನು ತಾನು ಬಿಟ್ಟಿರುವೆನೆಂದು ತಿಳಿದ ಶ್ರಾವಕನ ಮನೆಯ ಫ್ಯಾನು ಇಂತಹ ಬೆಂಕಿಗಳಿಂದಲೇ ತಿರುಗುತ್ತಿದೆ. ನಾರಿನ ಕುಲುಮೆಯ ವಿಷಯದಲ್ಲಿ ಕೂದಲು ಸೀಳುವವನು ಈ ಮಹಾ ಅಂಗಾರದ ವಿಷಯದಲ್ಲಿ ಕಣ್ಣುಮುಚ್ಚಬಾರದು. ಬಿಸಿಲನ್ನು ಕೂಡಿಡುವ ಸಾಧನಗಳು ಬೆಳೆದಷ್ಟೂ ಕಲ್ಲಿದ್ದಲಿನ ಅಗತ್ಯ ತಗ್ಗುತ್ತದೆ. ಆದರೆ ಅದು ತಗ್ಗುವುದು ಬಳಕೆ ಬೆಳೆಯದಿದ್ದಾಗ ಮಾತ್ರ. ಬಿಸಿಲಿನ ವಿದ್ಯುತ್ ಪುಕ್ಕಟೆಯೆಂದು ರಾತ್ರಿಯೆಲ್ಲ ಬಣ್ಣದ ದೀಪಗಳನ್ನು ಉರಿಸಿ, ಅವುಗಳಿಗೆ ಮುತ್ತಿ ಸಾಯುವ ಪತಂಗಗಳನ್ನು ಬೆಳಗ್ಗೆ ಗುಡಿಸಿ ಹಾಕುವ ಉತ್ಸವದಲ್ಲಿ ಯಾವ ಧರ್ಮಪ್ರಭಾವನೆ ಇದೆ? ದೀಪ ಹೊತ್ತಿಸಲು ಶಕ್ತಿಯಿದೆಯೆಂಬ ಕಾರಣಕ್ಕೆ ರಾತ್ರಿಭೋಜನತ್ಯಾಗವು ಸಡಿಲಾಗುವುದೂ ಇಲ್ಲ. ಭೋಗೋಪಭೋಗ ಪರಿಮಾಣವ್ರತವು ಈ ಕಾಲದಲ್ಲಿ ವಿದ್ಯುತ್ ಮೀಟರಿಗೂ ಅನ್ವಯಿಸಬೇಕು.

ಹಾಗಾದರೆ ಸಾಧನಗಳೆಲ್ಲವನ್ನೂ ಬಿಡುವುದೇ ಧರ್ಮವೆ? ಇದಕ್ಕೆ ಲಚ್ಯಾಣವೇ ಒಂದು ಉತ್ತರವನ್ನು ಕೊಟ್ಟಿದೆ. 2024ರ ಏಪ್ರಿಲ್ 3ರ ಸಂಜೆ ಅಲ್ಲಿ ಎರಡು ವರ್ಷದೊಳಗಿನ ಕೂಸೊಂದು ಹೊಲದ ಕೊಳವೆಬಾವಿಗೆ ಬಿದ್ದಿತು. ರಾತ್ರಿಯೆಲ್ಲ ದೀಪಗಳ ಬೆಳಕಿನಲ್ಲಿ ಯಂತ್ರಗಳು ಪಕ್ಕದ ನೆಲವನ್ನು ಅಗೆದವು. ಕೊಳವೆಯೊಳಕ್ಕೆ ಆಮ್ಲಜನಕವನ್ನು ಹರಿಸಲಾಯಿತು. ಕ್ಯಾಮರಾದ ಮೂಲಕ ಕೂಸಿನ ಅಲುಗಾಟವನ್ನು ನೋಡುತ್ತಿದ್ದರು. ಸುಮಾರು ಇಪ್ಪತ್ತು ಗಂಟೆಗಳ ಬಳಿಕ, ಮರುದಿನ ಮಧ್ಯಾಹ್ನ, ಕೂಸು ಜೀವಂತವಾಗಿ ಹೊರಬಂದಿತು. ಆ ರಾತ್ರಿ ಉರಿದ ಪ್ರತಿಯೊಂದು ದೀಪದಲ್ಲಿಯೂ ಆರಂಭೀ ಹಿಂಸೆ ಇತ್ತು. ನೆಲ ಅಗೆದುದರಲ್ಲಿ ಪೃಥ್ವೀಕಾಯದ ಬಾಧೆಯೂ ಇತ್ತು. ಆದರೂ ಅದನ್ನು ಅನರ್ಥದಂಡವೆಂದು ಯಾವ ಶಾಸ್ತ್ರಜ್ಞನೂ ಹೇಳಲಾರ, ಅದು ಅಭಯದಾನ. ಸಾಧನ ಅದೇ, ವಿದ್ಯುತ್ ಅದೇ. ಬಣ್ಣದ ದೀಪದಲ್ಲಿ ಅದು ಪ್ರಮಾದ, ಕೊಳವೆಬಾವಿಯ ಬಳಿ ಅದು ದಯೆ. ಶಕ್ತಿಯನ್ನು ಕೂಡಿಡುವವನು ಯಾವುದಕ್ಕಾಗಿ ಕೂಡಿಡುತ್ತಾನೆ ಎಂಬುದರಲ್ಲಿ ಪುಣ್ಯಪಾಪಗಳ ನಿರ್ಣಯವಿದೆ.

ಉಪಸಂಹಾರ

ಮೇಲಿನ ವಿಚಾರದಿಂದ ಬಸದಿಗಳ ಟ್ರಸ್ಟುಗಳಿಗೂ ಶ್ರಾವಕ ಕುಟುಂಬಗಳಿಗೂ ಕೆಲವು ಸರಳವಾದ ಪ್ರಶ್ನೆಗಳು ದೊರೆಯುತ್ತವೆ. ಇಂತಹ ಸಾಧನವು ಮಾರುಕಟ್ಟೆಗೆ ಬಂದಾಗ, ಅಥವಾ ಸಮಾಜದ ಯುವಕನೊಬ್ಬನು ಇದನ್ನು ಉದ್ಯೋಗವಾಗಿ ಕೈಗೊಳ್ಳಲು ಹಿರಿಯರ ಅನುಮತಿಯನ್ನು ಬೇಡಿದಾಗ, ಇವನ್ನು ಕೇಳಬಹುದು. ನಾರು ಬಿದ್ದ ಹಣ್ಣೋ, ಕಡಿದ ಕೊಂಬೆಯೋ? ಅದು ಯಾವುದಾದರೂ ಪ್ರಾಣಿಯ ಮೇವನ್ನಾಗಲಿ ಬಡವರ ಉರುವಲನ್ನಾಗಲಿ ಕಿತ್ತುಕೊಂಡು ಬಂದುದೆ? ಸುಡದೆ ಮಾಡಲು ಸಾಧ್ಯವಿದ್ದೂ ಸುಟ್ಟರೆ? ತೊಳೆದ ನೀರು ಎಲ್ಲಿಗೆ ಹೋಯಿತು? ಕೆಲಸಗಾರನ ಉಸಿರಿಗೆ ಧೂಳು ಸೇರದಂತೆ ಕಾಪಾಡಿದರೆ? ಇದು ಯಾವ ಹೆಚ್ಚಿನ ಹಿಂಸೆಯ ಸ್ಥಾನದಲ್ಲಿ ಬಂದಿದೆ? ಆಯುಸ್ಸು ಮುಗಿದ ಮೇಲೆ ಇದರ ಗತಿಯೇನು? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಉದ್ಯೋಗವು ಶ್ರಾವಕನಿಗೆ ಅಯೋಗ್ಯವಲ್ಲ. ಅದರಲ್ಲಿ ಉಳಿಯುವುದು ಉದ್ಯೋಗೀ ಹಿಂಸೆ. ಅದನ್ನು ಗೃಹಸ್ಥನು ಪ್ರತಿಕ್ರಮಣದಲ್ಲಿ ನೆನೆದು, ಪಶ್ಚಾತ್ತಾಪಪಟ್ಟು, ಮರುದಿನ ಇನ್ನಷ್ಟು ತಗ್ಗಿಸಲು ಯತ್ನಿಸಬೇಕಾದುದು. ಉತ್ತರ ಕೊಡಲು ಹಿಂಜರಿಯುವ ಉದ್ಯೋಗದಲ್ಲಿ, ನಾರಿದ್ದರೂ ಗ್ರಾಫೀನ್ ಇದ್ದರೂ, ಹಳೆಯ ಇದ್ದಲಿನ ಭಟ್ಟಿಯೇ ಹೊಸ ಹೆಸರಿನಲ್ಲಿ ಉರಿಯುತ್ತಿದೆ ಎಂದು ತಿಳಿಯಬೇಕು.

ವಸ್ತುವನ್ನು ಶುದ್ಧವೆಂದು ತಿಳಿದು ಮೈಮರೆಯುವುದು ಸುಲಭ. ಅಶುದ್ಧವೆಂದು ದೂರವಿಟ್ಟು ನಿಶ್ಚಿಂತರಾಗುವುದೂ ಸುಲಭ. ಇವೆರಡರ ನಡುವೆ ಯತ್ನಾಚಾರವೆಂಬ ಕಠಿಣವಾದ ದಾರಿ ಇದೆ. ಮುನಿಯು ನಾಲ್ಕು ಮೊಳ ದೂರದ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವಂತೆ, ಗೃಹಸ್ಥನು ತಾನು ಕೊಳ್ಳುವ ಪ್ರತಿಯೊಂದು ವಸ್ತುವಿನ ಹಿಂದಿನ ನಾಲ್ಕು ಹೆಜ್ಜೆಗಳನ್ನಾದರೂ ನೋಡಬೇಕು. ಹೊಲ, ಕುಲುಮೆ, ಹಳ್ಳ, ಕಸದ ತಿಪ್ಪೆ ಇವೇ ಆ ನಾಲ್ಕು ಹೆಜ್ಜೆಗಳು. ಅಷ್ಟನ್ನು ನೋಡಿದವನ ಮನೆಯಲ್ಲಿ ಸಂಜೆ ಹೊತ್ತಿದ ದೀಪವು ಚಿಕ್ಕದಾಗಿದ್ದರೂ ಸ್ವಾಧ್ಯಾಯಕ್ಕೆ ಸಾಕಾಗುತ್ತದೆ.